ಹಿಂದಕ್ಕೆ ಹರಿಯುವ ಹೊಳೆಯ ಮೇಲೆ ಒಂದು ಸಂಜೆ

ಮನೆಯೊಳಗೆ ನಿಂತವನಿಗೆ ಮನೆಯ ಆಕಾರ ಕಾಣುವುದಿಲ್ಲ. ಊರಿನ ಸಂಗತಿಯೂ ಹಾಗೆಯೇ. ಓದಲೆಂದು ಬೆಂಗಳೂರಿಗೆ ಬಂದ ಹೊಸದರಲ್ಲಿ ನಾನು ಆ ಊರನ್ನು ಒಟ್ಟಾಗಿ ನೋಡಬೇಕೆನಿಸಿದಾಗಲೆಲ್ಲ ಲಾಲ್‌ಬಾಗಿನ ಬಂಡೆಯನ್ನೇರಿ ಕೆಂಪೇಗೌಡರ ಗೋಪುರದ ಬಳಿ ನಿಲ್ಲುತ್ತಿದ್ದೆ. ಅಮೆರಿಕದ ಷಿಕಾಗೊ ನಗರದಲ್ಲಿ ಅಂಥ ಬಂಡೆಯೂ ಇಲ್ಲ, ಗುಡ್ಡವೂ ಇಲ್ಲ. ನೆಲವೆಲ್ಲ ಅಂಗೈಯಂತೆ ಸಮತಟ್ಟು. ಅಲ್ಲಿ ಊರನ್ನು ಕಣ್ತುಂಬ ನೋಡಬೇಕೆನ್ನುವವರು ಮೇಲಕ್ಕೆ ಹತ್ತುವುದಕ್ಕೆ ಬದಲಾಗಿ ಕೆಳಕ್ಕೆ, ನೀರಿಗೆ ಇಳಿಯಬೇಕು. ನಗರದ ನಟ್ಟನಡುವೆ ಹರಿಯುವ ಹೊಳೆಯಲ್ಲಿ ದೋಣಿ ಹತ್ತಿ ಕತ್ತನ್ನೆತ್ತಿ ಕುಳಿತರೆ ಗಗನಚುಂಬಿ ಕಟ್ಟಡಗಳು ಎರಡು ದಡಗಳಲ್ಲಿಯೂ ತಾವಾಗಿಯೇ ಬಂದು ದರ್ಶನವಿತ್ತು ಹೋಗುತ್ತವೆ.

ಮಗಳ ಸಂಸಾರ ಆ ಊರಿನಲ್ಲಿ ನೆಲೆಸಿ ಹಲವು ವರ್ಷಗಳಾದುವು. ಒಂದು ಬೇಸಿಗೆಯಲ್ಲಿ ನಾನು ಅಲ್ಲಿಗೆ ಹೋಗಿದ್ದಾಗ ಅಳಿಯಂದಿರು ಸಂಜೆಯ ನೌಕಾವಿಹಾರಕ್ಕೆ ಮೂರು ಟಿಕೆಟುಗಳನ್ನು ತಂದರು. “ಮಾವ, ಬರೀ ಸುತ್ತಾಟ ಅಲ್ಲ. ಒಬ್ಬರು ನಿಂತುಕೊಂಡು ಎಲ್ಲವನ್ನೂ ವಿವರಿಸಿ ಹೇಳುತ್ತಾರೆ. ನಿಮಗೆ ಹಿಡಿಸುತ್ತದೆ” ಎಂದರು. ಅದೇ ದಿನ ಬೆಳಿಗ್ಗೆ ನಾವು ಅಲ್ಲಿನ ಕಲಾಸಂಗ್ರಹಾಲಯವನ್ನು ನೋಡಿ ಬಂದಿದ್ದೆವು. ಸ್ವಾಮಿ ವಿವೇಕಾನಂದರು 1893ರ ಸರ್ವಧರ್ಮ ಸಮ್ಮೇಳನದಲ್ಲಿ ಮಾತನಾಡಿದ್ದು ಆ ಕಟ್ಟಡದಲ್ಲಿಯೇ. ಅದಕ್ಕೆ ಹಿಂದಿನ ವರ್ಷವಷ್ಟೇ ಅವರು ಮೈಸೂರಿನಲ್ಲಿ ಚಾಮರಾಜ ಒಡೆಯರ ಅತಿಥಿಯಾಗಿದ್ದವರು. ಕನ್ನಡಿಗನಿಗೆ ಷಿಕಾಗೊವಿನೊಡನೆ ಇರುವ ನಂಟೆಂದರೆ ಇದೊಂದೇ ಎಂದು ನಾನು ಭಾವಿಸಿದ್ದೆ. ಸಂಜೆ ಕಳೆಯುವುದರೊಳಗೆ ಮತ್ತೊಂದು ನಂಟು, ಅಷ್ಟೇನೂ ಹೆಮ್ಮೆಪಡಲಾಗದ ನಂಟು, ಹೊರಬೀಳುವುದೆಂದು ನಾನು ಎಣಿಸಿರಲಿಲ್ಲ.

ಏಳು ಗಂಟೆಗೆ ದೋಣಿ ಹೊರಟಿತು. ಆ ದೇಶದಲ್ಲಿ ಬೇಸಿಗೆಯ ಹಗಲು ದೀರ್ಘ. ಸೂರ್ಯ ಮುಳುಗಲು ಇನ್ನೂ ಒಂದೂವರೆ ಗಂಟೆಯಿತ್ತು. ಮೇಲಂತಸ್ತಿನ ತೆರೆದ ಅಟ್ಟದಲ್ಲಿ ಅಳಿಯಂದಿರು, ಹತ್ತು ವರ್ಷದ ಮೊಮ್ಮಗ ಮತ್ತು ನಾನು ಮುಂದಿನ ಸಾಲಿನಲ್ಲಿ ಕುಳಿತೆವು. ಮಾರ್ಗದರ್ಶಿಯಾಗಿ ಬಂದಾಕೆ ಅರವತ್ತು ದಾಟಿದ ಮಹಿಳೆ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಅದು ಅವರ ಮಾತಿನ ರೀತಿಯಲ್ಲಿಯೇ ತಿಳಿಯುತ್ತಿತ್ತು. “ನೀವೆಲ್ಲ ಕಟ್ಟಡಗಳನ್ನು ನೋಡಲು ಬಂದಿದ್ದೀರಿ. ತೋರಿಸುತ್ತೇನೆ. ಆದರೆ ಈ ಊರಿನವರು ಮಾಡಿದ ಅತ್ಯಂತ ದೊಡ್ಡ ಕೆಲಸ ನಿಮ್ಮ ಕಾಲ ಕೆಳಗೆ ಇದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ” ಎಂದು ಅವರು ಆರಂಭಿಸಿದರು. ಒಳ್ಳೆಯ ಉಪಾಧ್ಯಾಯರಿಗೆ ಮಾತ್ರ ತಿಳಿದಿರುವ ಉಪಾಯವಿದು.

ಹೊರಟೊಡನೆ ಬಲಗಡೆ ಸಕ್ಕರೆಯ ಅಚ್ಚಿನಂತೆ ಬೆಳ್ಳಗೆ ನಿಂತಿರುವುದು ರಿಗ್ಲಿ ಕಟ್ಟಡ. ಅದು ಮುಗಿದದ್ದು 1924ರಲ್ಲಿ. ಅದರ ಮೈಯೆಲ್ಲ ಮೆರುಗುಕೊಟ್ಟ ಸುಟ್ಟಮಣ್ಣಿನ ಬಿಲ್ಲೆಗಳು. ಅದರ ನೆರೆಯಲ್ಲಿ 1925ರ ಟ್ರಿಬ್ಯೂನ್ ಗೋಪುರ. ಜಗತ್ತಿನ ಹೆಸರಾಂತ ಕಟ್ಟಡಗಳ ಕಲ್ಲುಚೂರುಗಳನ್ನು ತಂದು ಅದರ ಗೋಡೆಯಲ್ಲಿ ಕೂಡಿಸಿದ್ದಾರೆ. ತಾಜಮಹಲಿನದೂ ಒಂದು ಚೂರು ಅದರಲ್ಲಿದೆಯಂತೆ. ಹೆಸರು ಕೊಟ್ಟ ಪತ್ರಿಕೆ 2018ರಲ್ಲಿ ಅಲ್ಲಿಂದ ಹೊರಟುಹೋಯಿತು. ಇಂದು ಅಲ್ಲಿರುವುದು ವಾಸದ ಮನೆಗಳು.

ಆಕೆ ಈ ಎತ್ತರದ ಹುಚ್ಚಿಗೆ ಕಾರಣವನ್ನು ಹೇಳಿದರು. 1871ರ ಅಕ್ಟೋಬರಿನಲ್ಲಿ ಎದ್ದ ಬೆಂಕಿ ಹೊಳೆಯನ್ನೂ ಹಾರಿ ದಾಟಿ, ಸುಮಾರು 300 ಜನರನ್ನು ಬಲಿ ತೆಗೆದುಕೊಂಡು, ಒಂದು ಲಕ್ಷದಷ್ಟು ಜನರನ್ನು ಬೀದಿಗೆ ತಳ್ಳಿತು. ಊರಿನ ನಡುವೆ ಬೂದಿಯಾಗಿ ಬಿದ್ದ ನೆಲಕ್ಕೆ ಬೆಲೆಯೇನೂ ಇಳಿಯಲಿಲ್ಲ, ಏರಿತು. ನೆಲ ದುಬಾರಿಯಾದಾಗ ಆಕಾಶವೇ ಅಗ್ಗ. ಆದರೆ ಇಟ್ಟಿಗೆಯ ಗೋಡೆ ತನ್ನ ಭಾರವನ್ನು ತಾನೇ ಹೊರಬೇಕಾದ್ದರಿಂದ ಎತ್ತರ ಹೆಚ್ಚಿದಷ್ಟೂ ಬುಡ ದಪ್ಪವಾಗಬೇಕು. 1885ರಲ್ಲಿ ವಿಲಿಯಂ ಜೆನ್ನಿ ಎಂಬ ಎಂಜಿನಿಯರು ಹತ್ತು ಅಂತಸ್ತಿನ ವಿಮಾ ಕಟ್ಟಡವೊಂದನ್ನು ಲೋಹದ ಹಂದರದ ಮೇಲೆ ನಿಲ್ಲಿಸಿ ಈ ತೊಡಕನ್ನು ಬಿಡಿಸಿದ. ಮೂಳೆ ಭಾರವನ್ನು ಹೊತ್ತಿತು. ಗೋಡೆ ಬರಿಯ ಚರ್ಮವಾಯಿತು. ಆ ಕಟ್ಟಡವನ್ನು 1931ರಲ್ಲಿ ಕೆಡವಿದರು. ಸಂತಾನ ಮಾತ್ರ ಜಗತ್ತನ್ನೆಲ್ಲ ತುಂಬಿತು.

ದೋಣಿ ಒಂದಾದ ಮೇಲೊಂದು ಸೇತುವೆಯ ಕೆಳಗೆ ನುಸುಳಿತು. ಈ ಸೇತುವೆಗಳು ಎರಡು ತುಂಡಾಗಿ ಆಕಾಶಕ್ಕೆ ಏಳಬಲ್ಲವು. ನಮ್ಮ ಹಳ್ಳಿಯ ಏತವನ್ನು ನೋಡಿದವರಿಗೆ ಇದರ ಗುಟ್ಟನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಂದಿನ ತುದಿಯಲ್ಲಿ ದೊಡ್ಡ ತೂಕವೊಂದಿದ್ದು ಅದು ಇಳಿದಾಗ ಮುಂದಿನ ತುದಿ ಏಳುತ್ತದೆ. ಬಲದಡದಲ್ಲಿ ಮುಸುಕಿನ ಜೋಳದ ಎರಡು ತೆನೆಗಳನ್ನು ನಿಲ್ಲಿಸಿದಂತೆ ಮರೀನಾ ಸಿಟಿಯ ಜೋಡಿ ಗೋಪುರಗಳು ಕಂಡುವು. 1960ರ ದಶಕದಲ್ಲಿ ಬರ್ಟ್ರಂಡ್ ಗೋಲ್ಡ್‌ಬರ್ಗ್ ಕಟ್ಟಿದವು. ಕೆಳಗಿನ ಅಂತಸ್ತುಗಳಲ್ಲಿ ಮೋಟಾರುಗಳು ಸುರುಳಿಯಾಗಿ, ಮೂತಿ ಹೊರಚಾಚಿ ನಿಂತಿವೆ. ಮನುಷ್ಯರ ವಾಸ ಅವುಗಳ ಮೇಲೆ. ಮೊಮ್ಮಗನಿಗೆ ಉಳಿದ ಎಲ್ಲ ಕಟ್ಟಡಗಳಿಗಿಂತ ಇದೇ ಹೆಚ್ಚು ಪ್ರಿಯವಾಯಿತು.

ಸ್ವಲ್ಪ ಮುಂದೆ ಎಡದಡವನ್ನು ತೋರಿಸುವಾಗ ಆಕೆಯ ದನಿ ತಗ್ಗಿತು. 1915ರ ಜುಲೈ 24ರ ಬೆಳಿಗ್ಗೆ ಕಾರ್ಖಾನೆಯ ಕೆಲಸಗಾರರನ್ನೂ ಅವರ ಹೆಂಡಿರು ಮಕ್ಕಳನ್ನೂ ವನಭೋಜನಕ್ಕೆ ಕರೆದೊಯ್ಯಲು ಅಲ್ಲಿ ಈಸ್ಟ್‌ಲ್ಯಾಂಡ್ ಎಂಬ ಹಡಗು ನಿಂತಿತ್ತು. ದಡಕ್ಕೆ ಕಟ್ಟಿದ್ದಂತೆಯೇ ಅದು ಮಗ್ಗುಲಾಗಿ ಮಗುಚಿತು. ಸತ್ತವರು 844 ಮಂದಿ. ದಡ ಕೈಗೆ ಸಿಗುವಷ್ಟು ಹತ್ತಿರ. ನಮ್ಮ ದೋಣಿಯಲ್ಲಿ ಕೆಲವು ನಿಮಿಷ ಯಾರೂ ಮಾತನಾಡಲಿಲ್ಲ.

ಅನಂತರ ಹೊಳೆ ಕವಲೊಡೆಯುವ ಸ್ಥಳ ಬಂದಿತು. ಬಡಗಣಿಂದ ಒಂದು ಕವಲು, ತೆಂಕಣಿಂದ ಇನ್ನೊಂದು. ಮೂಲೆಯಲ್ಲಿ ಹಸಿರು ಗಾಜಿನ ಕಟ್ಟಡವೊಂದು ಹೊಳೆಯ ತಿರುವಿಗೆ ಸರಿಯಾಗಿ ತಾನೂ ಬಾಗಿ, ನೀರನ್ನೂ ಮೋಡವನ್ನೂ ತನ್ನ ಮೈಯಲ್ಲಿ ಹಿಡಿದು ನಿಂತಿದೆ. 1983ರ ಕೆಲಸ. ಹೊಳೆಯನ್ನು ನೋಡಿ ಕಟ್ಟಿದ ಮನೆ ಎನಿಸಿತು. ನಾವು ತೆಂಕಣ ಕವಲನ್ನು ಹಿಡಿದು ಹೋದಾಗ, ಹಿಂದೆ ಸಿಯರ್ಸ್ ಗೋಪುರವೆಂದು ಹೆಸರಾಗಿ 2009ರಿಂದ ವಿಲಿಸ್ ಗೋಪುರವೆನಿಸಿಕೊಂಡಿರುವ ಕರಿಯ ದೈತ್ಯ ಎದುರಾಯಿತು. ಎತ್ತರ 442 ಮೀಟರು. 1973ರಲ್ಲಿ ತುದಿ ಮುಟ್ಟಿದ ಅದು ಸುಮಾರು ಕಾಲು ಶತಮಾನ ಜಗತ್ತಿಗೇ ಎತ್ತರದ ಕಟ್ಟಡವಾಗಿತ್ತು. ಅದನ್ನು ಗಾಳಿಗೆ ಜಗ್ಗದಂತೆ ನಿಲ್ಲಿಸಿದ ಎಂಜಿನಿಯರು ಫಜ್ಲುರ್ ರಹಮಾನ್ ಖಾನ್. 1929ರಲ್ಲಿ ಢಾಕಾದಲ್ಲಿ ಹುಟ್ಟಿ, 1952ರಲ್ಲಿ ವಿದ್ಯಾರ್ಥಿವೇತನ ಪಡೆದು ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಬಂದವರು. ಒಂಬತ್ತು ಚೌಕ ಕೊಳವೆಗಳನ್ನು ಒತ್ತಾಗಿ ಸೇರಿಸಿ ಕಟ್ಟಿ, ಮೇಲೆ ಹೋದಂತೆ ಕೆಲಕೆಲವನ್ನು ನಿಲ್ಲಿಸುತ್ತ ಹೋದರು. ಪೊರಕೆಯ ಒಂದು ಕಡ್ಡಿ ಬಾಗುತ್ತದೆ, ಕಟ್ಟು ಬಾಗುವುದಿಲ್ಲ, ಯುಕ್ತಿ ಅಷ್ಟೇ. ಆದರೆ ಅಂಥ ಸುಲಭದ ಯುಕ್ತಿ ಹೊಳೆಯುವುದಕ್ಕೆ ದೊಡ್ಡ ಬುದ್ಧಿಯೇ ಬೇಕು. ನಮ್ಮ ಕಡೆಯವರೊಬ್ಬರ ಹೆಸರನ್ನು ಆಕೆ ಅಷ್ಟು ಗೌರವದಿಂದ ಹೇಳಿದಾಗ, ಅದರಲ್ಲಿ ನನ್ನ ಪಾಲು ಏನೂ ಇಲ್ಲದಿದ್ದರೂ ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತೆ.

ದೋಣಿ ಅಲ್ಲಿಂದ ಹಿಂದಿರುಗಿ ಸರೋವರದ ಕಡೆಗೆ ಮುಖ ಮಾಡಿತು. ಆಗ ಮೊಮ್ಮಗ ನೀರನ್ನೇ ದಿಟ್ಟಿಸುತ್ತ, “ತಾತ, ಈ ನದಿ ಯಾವ ಕಡೆಗೆ ಹೋಗ್ತಿದೆ?” ಎಂದು ಕೇಳಿದ. ಹರಿವು ಕಣ್ಣಿಗೆ ಕಾಣದಷ್ಟು ನಿಧಾನ. ಮುಂದೆ ಸಮುದ್ರದಂಥ ಮಿಷಿಗನ್ ಸರೋವರವಿದೆ. ಹೊಳೆ ಅದನ್ನಲ್ಲದೆ ಮತ್ತೆಲ್ಲಿಗೆ ಹೋದೀತು? “ಸರೋವರಕ್ಕೆ” ಎಂದೆ. ಆಕೆಗೆ ನಮ್ಮ ಕನ್ನಡ ತಿಳಿಯದಿದ್ದರೂ ಹುಡುಗನ ಬೆರಳು ತಿಳಿಯಿತು. “ಆ ಪ್ರಶ್ನೆಗಾಗಿಯೇ ನಾನು ಕಾದಿದ್ದೆ. ಈ ಹೊಳೆ ಹಿಂದಕ್ಕೆ ಹರಿಯುತ್ತಿದೆ” ಎಂದರು.

ಅವರು ಹೇಳಿದ್ದರ ಸಾರಾಂಶ ಹೀಗೆ. ಈ ಹೊಳೆ ಮೊದಲು ಸರೋವರಕ್ಕೇ ಬೀಳುತ್ತಿತ್ತು. ಊರು ಕುಡಿಯುವ ನೀರನ್ನು ತರುತ್ತಿದ್ದುದು ಆ ಸರೋವರದಿಂದ. ಊರಿನ ಹೊಲಸೆಲ್ಲ ಸೇರುತ್ತಿದ್ದುದು ಈ ಹೊಳೆಗೆ. ಕಸಾಯಿಖಾನೆಗಳ ರಕ್ತವೂ ಕರುಳೂ ಬಿದ್ದ ಒಂದು ಕವಲಂತೂ ತಳದಲ್ಲಿ ಕೊಳೆತ ಅನಿಲದಿಂದ ಗುಳುಗುಳು ಕುದಿಯುತ್ತಿತ್ತು; ಅದಕ್ಕೆ ‘ಗುಳ್ಳೆಯ ಹಳ್ಳ’ ಎಂದೇ ಹೆಸರಾಯಿತು. 1867ರಲ್ಲಿ ಸರೋವರದ ತಳದಲ್ಲಿ ಎರಡು ಮೈಲಿ ಸುರಂಗ ಕೊರೆದು ದೂರದಿಂದ ನೀರು ತಂದರು. ಕೊಳಚೆ ಅಲ್ಲಿಗೂ ತಲುಪಿತು. ವಿಷಮಶೀತಜ್ವರ ಊರನ್ನು ಬಿಡಲಿಲ್ಲ. ಕೊನೆಗೆ ಅವರು ಒಂದು ಸಾಹಸಕ್ಕೆ ಕೈಹಾಕಿದರು. ಷಿಕಾಗೊವಿನ ಪಶ್ಚಿಮಕ್ಕೆ ಬಹಳ ತಗ್ಗಾದ ಒಂದು ನೀರ್ದಿಬ್ಬವಿದೆ. ಅದರ ಆಚೆಗೆ ಬಿದ್ದ ನೀರು ಇಲಿನಾಯ್ ನದಿಯ ಮೂಲಕ ಮಿಸಿಸಿಪ್ಪಿಯನ್ನು ಸೇರುತ್ತದೆ. ಆ ದಿಬ್ಬವನ್ನು ಸೀಳಿ 28 ಮೈಲಿ ಉದ್ದದ ಆಳವಾದ ಕಾಲುವೆಯನ್ನು 1892ರಿಂದ ಎಂಟು ವರ್ಷ ತೋಡಿದರು. 1900ರ ಜನವರಿ 2ರಂದು ಕಾಲುವೆಗೆ ನೀರು ಬಿಟ್ಟರು. ಅಂದಿನಿಂದ ಹೊಳೆ ಬೆನ್ನು ತಿರುಗಿಸಿತು. ಸರೋವರದ ನೀರೇ ಒಳನುಗ್ಗಿ ಊರಿನ ಹೊಲಸನ್ನು ಆಚೆಯ ಕಣಿವೆಗೆ ತಳ್ಳಿಕೊಂಡು ಹೋಯಿತು. ಊರು ಬದುಕಿತು.

ದೋಣಿಯಲ್ಲಿದ್ದವರು ಚಪ್ಪಾಳೆ ತಟ್ಟಿದರು. ನನ್ನ ಕೈ ಮೇಲೇಳಲಿಲ್ಲ. ಅದಕ್ಕೆ ಕಾರಣವನ್ನು ಹೇಳಬೇಕಾದರೆ ಓದುಗರನ್ನು ಸ್ವಲ್ಪ ಹೊತ್ತು ಬೆಂಗಳೂರಿನ ನೈಋತ್ಯಕ್ಕೆ ಕರೆದೊಯ್ಯಬೇಕು.

ನಾನು ಹುಟ್ಟಿದ್ದು ಬಿಡದಿಯ ಆಚೆ, ಬೈರಮಂಗಲದ ಕೆರೆಯ ಕೆಳಗಿನ ಒಂದು ಸಣ್ಣ ಹಳ್ಳಿಯಲ್ಲಿ. ಆ ಕೆರೆಗೆ ನೀರು ಬರುವುದು ವೃಷಭಾವತಿಯಿಂದ. ನಾನೂ ನನ್ನ ಅಕ್ಕನೂ ಈಜು ಕಲಿತದ್ದು ಆ ನೀರಿನಲ್ಲಿಯೇ. ಅಕ್ಕನನ್ನು ನೆರೆಯ ಹಳ್ಳಿಗೆ ಕೊಟ್ಟರು. ನಾನು ಬೆಂಗಳೂರಿಗೆ ಬಂದು, ನೌಕರಿ ಹಿಡಿದು, ಬಸವನಗುಡಿಯಲ್ಲಿ ಮನೆ ಮಾಡಿದೆ. ದೊಡ್ಡ ಬಸವಣ್ಣನ ಪಾದದಲ್ಲಿ ವೃಷಭಾವತಿ ಹುಟ್ಟುತ್ತಾಳೆಂದು ಜನರ ನಂಬಿಕೆ. ಹೊಳೆಯ ಕೆಳಗೆ ಹುಟ್ಟಿದವನು ಹೊಳೆಯ ತಲೆಯಲ್ಲಿ ಬಂದು ಕುಳಿತೆ. ನನ್ನಂತೆಯೇ ಲಕ್ಷಾಂತರ ಜನ ಬಂದು ಕುಳಿತರು. ಹೊಳೆ ಚರಂಡಿಯಾಯಿತು, ಮೈಸೂರು ರಸ್ತೆಯಲ್ಲಿ ಮೂಗು ಮುಚ್ಚಿಕೊಂಡು ಹೋಗುವ ಈಗಿನ ಹುಡುಗರಿಗೆ ಅದು ನದಿಯೆಂಬುದೇ ತಿಳಿಯದು.

ಹಲವು ವರ್ಷಗಳ ಕೆಳಗೆ ಹಬ್ಬಕ್ಕೆಂದು ಅಕ್ಕನ ಮನೆಗೆ ಹೋದಾಗ ಬಾವಿಯ ಬಳಿ ಬಾಯಾರಿ ನಿಂತಿದ್ದೆ. ಅಕ್ಕ ಒಳಗಿನಿಂದಲೇ ಕೂಗಿದಳು: “ಆ ನೀರ ಕುಡೀಬ್ಯಾಡ ಕಣಪ್ಪ. ಕುಡಿಯಾಕೆ ಕ್ಯಾನು ತರುಸ್ತೀವಿ. ಅದು ನಿಮ್ಮೂರಿನ ನೀರು.” ನಾನು ನಕ್ಕೆ. ಅವಳು ನಗಲಿಲ್ಲ. ಗದ್ದೆಯ ಕಾಲುವೆಯಲ್ಲಿ ನೊರೆ ಹತ್ತಿಯ ರಾಶಿಯಂತೆ ತೇಲಿ ಬರುತ್ತಿತ್ತು. “ನಿನ್ನ ಮನೆ ಬಚ್ಚಲು ನನ್ನ ಗದ್ದೆಗೆ ಬತ್ತದೆ. ತಮ್ಮ ಕಳಿಸವ್ನೆ ಅಂದ್ಕೊಂಡು ಇಟ್ಕೊಂಡಿವ್ನಿ” ಎಂದಳು. ಅದನ್ನೂ ನಾನು ಹಳ್ಳಿಯವರ ಹಾಸ್ಯವೆಂದು ತೆಗೆದುಕೊಂಡು ಊಟ ಮಾಡಿ ಬಂದೆ.

ಷಿಕಾಗೊವಿನ ಹೊಳೆಯ ಮೇಲೆ ಆ ಮಾತು ಮತ್ತೆ ಕೇಳಿಸಿತು. ಬೆಂಗಳೂರು ಮಾಡಿರುವುದೂ ಇದೇ ಅಲ್ಲವೇ? ನಮ್ಮ ಊರು ದಿಬ್ಬದ ಮೇಲಿದೆ. 1974ರಿಂದ ನಾವು ಕಾವೇರಿಯನ್ನು ನೂರು ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಮೇಲಕ್ಕೆ ಪಂಪು ಮಾಡಿ ತರಿಸಿಕೊಳ್ಳುತ್ತಿದ್ದೇವೆ. ಅವರು ಹೊಳೆಯನ್ನು ಹಿಂದಕ್ಕೆ ಹರಿಸಿದರೆ ನಾವು ಹೊಳೆಯನ್ನು ಬೆಟ್ಟ ಹತ್ತಿಸಿದ್ದೇವೆ. ಬಳಸಿದ ನೀರನ್ನು ವೃಷಭಾವತಿಗೆ ಬಿಡುತ್ತೇವೆ; ಅದು ಅರ್ಕಾವತಿಯನ್ನು ಕೂಡಿ, ನಾವು ನೀರೆತ್ತುವ ಜಾಗಕ್ಕಿಂತ ಬಹಳ ಕೆಳಗೆ, ಸಂಗಮದಲ್ಲಿ ಮತ್ತೆ ಕಾವೇರಿಯನ್ನು ಸೇರುತ್ತದೆ. ನಮ್ಮ ಹೊಲಸು ನಮ್ಮ ಬಾಯಿಗೆ ಮರಳಿ ಬರುವುದಿಲ್ಲ. ಅದಕ್ಕಾಗಿಯೇ ನಮಗೆ ಅದರ ನೆನಪೂ ಬರುವುದಿಲ್ಲ.

ನಾನು ಕೈಯೆತ್ತಿ ಕೇಳಿದೆ: “ಕಾಲುವೆಯ ಕೆಳಗಿನ ಊರುಗಳವರು ಏನೆಂದರು?”

ಆಕೆ ಕ್ಷಣಕಾಲ ನನ್ನನ್ನೇ ನೋಡಿದರು. “ಇದನ್ನು ಕೇಳುವವರು ಕಡಿಮೆ” ಎಂದು, ದೋಣಿ ಜಲದ್ವಾರದ ಬಳಿ ಸರದಿಗಾಗಿ ಕಾಯುತ್ತಿದ್ದಷ್ಟು ಹೊತ್ತೂ ಆ ಕಥೆಯನ್ನೇ ಹೇಳಿದರು. ಮಿಸಿಸಿಪ್ಪಿಯ ದಡದಲ್ಲಿರುವ ಸೇಂಟ್ ಲೂಯಿಸ್ ನಗರ ಕುಡಿಯುತ್ತಿದ್ದುದು ಆ ನದಿಯ ನೀರನ್ನೇ. ಅದಿರುವ ಮಿಸೌರಿ ರಾಜ್ಯ, 1900ರ ಆ ಜನವರಿಯಲ್ಲಿಯೇ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಎರಡು ಕಡೆಯ ವಿಜ್ಞಾನಿಗಳೂ ಬಂದು ಕ್ರಿಮಿಗಳ ಆಯುಸ್ಸನ್ನು ಕುರಿತು ಸಾಕ್ಷಿ ಹೇಳಿದರು. 1906ರಲ್ಲಿ ನ್ಯಾಯಮೂರ್ತಿ ಹೋಮ್ಸ್ ತೀರ್ಪು ಕೊಟ್ಟರು: ಜ್ವರಕ್ಕೆ ಷಿಕಾಗೊವಿನ ಕೊಳಚೆಯೇ ಕಾರಣವೆಂಬುದು ಸಿದ್ಧವಾಗಿಲ್ಲ, ಮಿಸೌರಿಯ ಪಟ್ಟಣಗಳು ತಾವೂ ನದಿಗೆ ಹೊಲಸು ಬಿಡುತ್ತಿವೆ. ಷಿಕಾಗೊ ಗೆದ್ದಿತು. ಆದರೆ ವಿಷಯ ಅಲ್ಲಿಗೆ ಮುಗಿಯಲಿಲ್ಲ. ಸರೋವರದ ನೆರೆ ರಾಜ್ಯಗಳು ನೀರು ಕಡಿಮೆಯಾಗುತ್ತದೆಂದು ಬೇರೆ ದಾವೆ ಹೂಡಿದುವು. ಇಂತಿಷ್ಟೇ ನೀರನ್ನು ಸೆಳೆಯಬೇಕೆಂದು ನ್ಯಾಯಾಲಯ ಕಟ್ಟು ಹಾಕಿತು. 1967ರ ಆಜ್ಞೆಯಂತೆ ಸೆಕೆಂಡಿಗೆ ಸರಾಸರಿ 3,200 ಘನ ಅಡಿ. ತಳ್ಳಲು ಬೇಕಾದಷ್ಟು ನೀರಿಲ್ಲವೆಂದಾದ ಮೇಲೆ ಹೊಲಸನ್ನು ತೊಳೆಯಲೇಬೇಕಾಯಿತು. ಶುದ್ಧೀಕರಣದ ದೊಡ್ಡ ಸ್ಥಾವರಗಳು ಬಂದುವು. ಮಳೆ ಬಂದಾಗ ಉಕ್ಕುವ ಕೊಳಚೆಯನ್ನು ಹಿಡಿದಿಡಲು 1975ರಲ್ಲಿ ಆರಂಭಿಸಿ 109 ಮೈಲಿ ಸುರಂಗಗಳನ್ನು ನೆಲದಾಳದಲ್ಲಿ ಕೊರೆದರು. “ನಾವು ಒಳ್ಳೆಯವರಾಗಿ ಇದನ್ನು ಮಾಡಲಿಲ್ಲ. ಕೆಳಗಿನವರೂ ಪಕ್ಕದವರೂ ಸುಮ್ಮನಿರಲಿಲ್ಲ, ಅದಕ್ಕೇ ಮಾಡಿದೆವು” ಎಂದು ಆಕೆ ಮುಗಿಸಿದರು. ತನ್ನ ಊರನ್ನು ಅಷ್ಟು ಪ್ರೀತಿಸುವವರ ಬಾಯಲ್ಲಿ ಈ ಮಾತು ಬಂದಿತೆಂದು ನನಗೆ ಅವರ ಮೇಲೆ ಗೌರವ ಹೆಚ್ಚಿತು.

ಜಲದ್ವಾರದ ಕದ ಹಿಂದೆ ಮುಚ್ಚಿತು. ನೀರು ಒಂದೆರಡು ಅಡಿ ಏರಿತು. ಮುಂದಿನ ಕದ ತೆರೆದು ನಾವು ಸರೋವರಕ್ಕೆ ಬಂದೆವು. ಹೊಳೆಗಿಂತ ಸರೋವರವೇ ಎತ್ತರದಲ್ಲಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ದೂರ ಹೋಗಿ ದೋಣಿ ತಿರುಗಿ ನಿಂತಿತು. ಸೂರ್ಯ ಊರಿನ ಬೆನ್ನಿಗೆ ಇಳಿಯುತ್ತಿದ್ದ. ಬೇರೆ ಬೇರೆಯಾಗಿ ನೋಡಿದ್ದ ಕಟ್ಟಡಗಳೆಲ್ಲ ಒಂದೇ ಕಪ್ಪು ರೇಖೆಯಾಗಿ, ಒಂದು ದೊಡ್ಡದು, ಒಂದು ಚಿಕ್ಕದು, ಆಕಾಶದ ಅಂಚಿನಲ್ಲಿ ನಿಂತುವು. ಬಣ್ಣ ಕೆಂಪಿನಿಂದ ನೇರಳೆಗೆ ಇಳಿದಂತೆ ಕಿಟಕಿಗಳಲ್ಲಿ ದೀಪಗಳು ಒಂದೊಂದಾಗಿ ಹತ್ತಿದುವು. ಮನುಷ್ಯನ ಕೈ ಮಾಡಿದ್ದರಲ್ಲಿ ಅಷ್ಟು ಚೆಲುವಾದ ನೋಟವನ್ನು ನಾನು ಹೆಚ್ಚು ಕಂಡಿಲ್ಲ. ಅದರ ಚೆಲುವು ಸುಳ್ಳೆಂದು ನನಗೆ ಅನಿಸಲಿಲ್ಲ. ಆದರೆ ಆ ಒಂದೊಂದು ದೀಪದ ಕೆಳಗೂ ಒಂದು ಬಚ್ಚಲಿದೆ ಎಂಬುದನ್ನು ಮರೆಯಲೂ ಆಗಲಿಲ್ಲ.

ಊರಿಗೆ ಹಿಂದಿರುಗಿದ ಮೇಲೆ ಅಕ್ಕನನ್ನು ನೋಡಲು ಹೋದೆ. ಈ ಸಲ ಹಬ್ಬವೇನೂ ಇರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ, ಸುಮಾರು ಒಂದು ಶತಮಾನದ ಬಳಿಕ, ಷಿಕಾಗೊವಿನ ಹೊಳೆಯಲ್ಲಿ ನೂರಾರು ಜನ ಸ್ಪರ್ಧೆಯಾಗಿ ಈಜಿದರೆಂದು ಮಗಳು ತಿಳಿಸಿದ್ದಳು. ಅದನ್ನು ಅಕ್ಕನಿಗೆ ಹೇಳಿದೆ. ಹೊಳೆ ಹಿಂದಕ್ಕೆ ಹರಿದದ್ದು, ಕೆಳಗಿನವರು ದಾವೆ ಹೂಡಿದ್ದು, ಸೋತದ್ದು, ಆಮೇಲೆ ನೀರು ತಿಳಿಯಾದದ್ದು, ಎಲ್ಲವನ್ನೂ ಹೇಳಿದೆ. ಅವಳು ಹಿಪ್ಪುನೇರಳೆಯ ಸೊಪ್ಪನ್ನು ಹೆಚ್ಚುತ್ತ ಸುಮ್ಮನೆ ಕೇಳಿದಳು. ಕೊನೆಗೆ, “ಅವರ ಊರಲ್ಲಿ ಕೆಳಗಿನೋರು ಕೂಗಿದ್ದು ಮೇಲಿನೋರಿಗೆ ಕೇಳುಸ್ತಾ?” ಎಂದಳು.

“ತಡವಾಗಿ ಕೇಳಿಸಿತು, ಅಕ್ಕ” ಎಂದೆ.

“ನಿಂಗೂ ತಡವಾಗೇ ಕೇಳುಸ್ತು, ಬುಡು” ಎಂದು ಅವಳು ಸೊಪ್ಪಿನ ತಟ್ಟೆಯನ್ನೆತ್ತಿಕೊಂಡು ಹುಳುವಿನ ಮನೆಗೆ ಹೋದಳು. ಬಾಗಿಲಲ್ಲಿ ನಿಂತರೆ ಕಾಲುವೆ ಕಾಣುತ್ತಿತ್ತು. ನೊರೆ ಮೊದಲಿನಂತೆಯೇ ತೇಲಿ ಬರುತ್ತಿತ್ತು, ನಮ್ಮ ಮನೆಯ ಕಡೆಯಿಂದ.